ಗೆದ್ದ ದುಡ್ಡಿನ ದಶಮಾಂಶ

ಈ ಮಳೆಯಲ್ಲೂ ಆರಾಧನೆಗೆ ಬಂದಿದ್ದೀರಿ, ದೇವರಿಗೆ ಸ್ತೋತ್ರ. ಹಿಂದೆ ಬಕೆಟ್ ಇಟ್ಟಿರುವ ಕಡೆ ಕೂತಿರುವ ಸಹೋದರಿಯರು ಸ್ವಲ್ಪ ಈಚೆ ಸರಿದು ಕೂತ್ಕೊಳ್ಳಿ. ಶೀಟು ಬದಲಾಯಿಸೋ ವಿಷಯ ಸಭಾ ಕಮಿಟಿಯಲ್ಲಿ ಮಾತಾಡ್ತಾ ಇದ್ದೇವೆ. ಇವತ್ತಿನ ಸಂದೇಶಕ್ಕೂ ಆ ಶೀಟಿಗೂ ಸಂಬಂಧ ಇದೆ, ಹೇಳ್ತೀನಿ.

ನನ್ನ ಮುಂದೆ ಒಂದು ಪ್ರಶ್ನೆ ಬಂತು. ಮೂರು ವಾರದಿಂದ ಅದನ್ನು ಪ್ರಾರ್ಥನೆಯಲ್ಲಿ ಇಟ್ಟುಕೊಂಡಿದ್ದೇನೆ. ಪ್ರಶ್ನೆ ಇಷ್ಟೇ: ಯಾರೂ ಯಾರಿಗೂ ಮೋಸ ಮಾಡದೆ ನಡೆದ ಜೂಜಿನಲ್ಲಿ ಗೆದ್ದ ದುಡ್ಡು ಶುದ್ಧವೋ, ಅಲ್ಲವೋ? ಅದರ ದಶಮಾಂಶ ದೇವರ ಮನೆಗೆ ಬರಬಹುದೋ, ಬಾರದೋ?

ಕೇಳಿದವನು ನಮ್ಮ ಸಂಡೇ ಸ್ಕೂಲಿನಲ್ಲೇ ಬೆಳೆದ ಒಬ್ಬ ತಮ್ಮ. ಈಗ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾನೆ. ಹೆಸರು ಹೇಳೋದಿಲ್ಲ, ವಿಷಯ ಹೇಳೋದಕ್ಕೆ ಅವನೇ ಒಪ್ಪಿದ್ದಾನೆ. ರಜೆ ಸಿಕ್ಕಿದಾಗ ಸ್ನೇಹಿತರ ಜೊತೆ ಕಾರಿನಲ್ಲಿ ನೆವಾಡಾ ರಾಜ್ಯಕ್ಕೆ, ಲಾಸ್ ವೇಗಾಸ್‌ಗೆ ಹೋಗ್ತಾನೆ. ಅಲ್ಲಿ ಒಂದು ಕ್ಯಾಸಿನೊದಲ್ಲಿ ಹೊಸ ವಿಡಿಯೊ ಪೋಕರ್ ಯಂತ್ರಗಳು ಬಂದಿವೆಯಂತೆ. ಅದರಲ್ಲಿ ಒಂದು ರಾತ್ರಿ ಸಾವಿರ ಡಾಲರ್ ಗೆದ್ದ. ಮರುದಿನ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್: "ಪಾಸ್ಟರಣ್ಣ, ನೂರು ಡಾಲರ್ ದಶಮಾಂಶ ಕಳಿಸ್ತೀನಿ, ಶೀಟಿಗೆ ಹಾಕ್ಕೊಳ್ಳಿ. ಆದ್ರೆ ಒಂದು ಮಾತು ಕೇಳ್ಬೇಕು ಅನ್ನಿಸ್ತು. ತಗೋಬಹುದಾ?"

ನೋಡಿ, ಅವನು ಕೇಳದೇ ಕಳಿಸಬಹುದಿತ್ತು. ನಮಗೆ ಗೊತ್ತೇ ಆಗ್ತಿರಲಿಲ್ಲ. ಕೇಳಿದ್ದಾನೆ ಅಂದ್ರೆ ಅವನ ಮನಸ್ಸಾಕ್ಷಿ ಇನ್ನೂ ಮಾತಾಡ್ತಾ ಇದೆ. ಅಂಥ ಪ್ರಶ್ನೆಗೆ "ಜೂಜು ಪಾಪ, ಮುಗೀತು" ಅಂತ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟು ಕಳಿಸೋದು ಸಭಾಪಾಲಕನ ಕೆಲಸ ಅಲ್ಲ. ಅದಕ್ಕೆ ನಾನು ಅವನಿಗೆ, "ಮೊದಲು ಆ ಯಂತ್ರ ಹೇಗಿದೆ, ಪೂರ್ತಿ ಹೇಳು" ಅಂದೆ.

ಅವನು ಹೇಳಿದ್ದು ಹೀಗೆ. ಎದುರಿಗೆ ಒಂದು ದೊಡ್ಡ ಪರದೆ. ಅದರಲ್ಲಿ ಐದು ಇಸ್ಪೀಟ್ ಎಲೆ ಬರ್ತವೆ. ಬೇಕಾದದ್ದನ್ನು ಮುಟ್ಟಿ ಉಳಿಸಿಕೊಳ್ಳೋದು, ಬೇಡದ್ದನ್ನು ಬಿಡೋದು. ಬಿಟ್ಟ ಜಾಗಕ್ಕೆ ಹೊಸ ಎಲೆ ಬರ್ತವೆ. ಗುಲಾಮ ಅಥವಾ ಅದಕ್ಕಿಂತ ಮೇಲಿನ ಜೋಡಿ ಬಂದರೆ ಹಾಕಿದ ದುಡ್ಡು ವಾಪಸ್. ಎರಡು ಜೋಡಿ ಬಂದರೆ ಎರಡರಷ್ಟು. ಹೀಗೆ ಮೇಲೆ ಹೋಗಿ, ಒಂದೇ ಗುರುತಿನ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಐದೂ ಕೂಡಿ ಬಂದರೆ ಅದು ರಾಯಲ್ ಫ್ಲಶ್. ಐದು ನಾಣ್ಯ ಹಾಕಿ ಆಡಿದವನಿಗೆ ನಾಲ್ಕು ಸಾವಿರ ನಾಣ್ಯ. ಕಾಲು ಡಾಲರಿನ ಯಂತ್ರದಲ್ಲಿ ಅದು ಸಾವಿರ ಡಾಲರ್. ಅವನಿಗೆ ಬಂದಿದ್ದು ಅದೇ.

ಹೊಸ ಯಂತ್ರದ ಬಗ್ಗೆ ಅವನ ವರ್ಣನೆ ಕೇಳಿದರೆ ಹೊಸ ಬೈಕ್ ತಗೊಂಡವನ ಹಾಗಿತ್ತು. ಎಲೆಗಳು ಕಣ್ಣಿಗೆ ಕಟ್ಟೋ ಹಾಗೆ ಕಾಣ್ತವಂತೆ. ಬೆರಳು ಇಟ್ಟರೆ ಸಾಕು. ಎಲೆ ಎಷ್ಟು ಬೇಗ ಬೀಳಬೇಕು ಅನ್ನೋ ವೇಗವನ್ನು ಆಡುವವನೇ ಹೆಚ್ಚು ಕಡಿಮೆ ಮಾಡಬಹುದು. ಫೋನ್ ಚಾರ್ಜ್ ಮಾಡೋಕೆ ಅಲ್ಲೇ ಜಾಗ. ಒಂದೇ ಸಲಕ್ಕೆ ಮೂರು ಕೈ, ಹತ್ತು ಕೈ, ನೂರು ಕೈ ಕೂಡ ಆಡಬಹುದು; ಒಂದು ಸಲ ಗುಂಡಿ ಒತ್ತಿದರೆ ಪರದೆ ತುಂಬ ನೂರು ಸಾಲು ಎಲೆ. ಹಿಂದಿನ ಯಂತ್ರಗಳಲ್ಲಿ ಗೆದ್ದರೆ ನಾಣ್ಯ ಕೆಳಗಿನ ತಟ್ಟೆಗೆ ಝಣಝಣ ಅಂತ ಬೀಳ್ತಿತ್ತು. ಈಗ ನಾಣ್ಯವೇ ಇಲ್ಲ, ಒಂದು ಚೀಟಿ ಬರ್ತದೆ. ಆದರೂ ಝಣಝಣ ಶಬ್ದ ಮಾತ್ರ ಸ್ಪೀಕರಿನಿಂದ ಕೇಳ್ತದೆ. "ದುಡ್ಡು ಹೋಯ್ತು, ಸದ್ದು ಉಳೀತು ಅಣ್ಣ" ಅಂತ ಅವನೇ ನಕ್ಕ.

ಆಮೇಲೆ ಅವನು ತನ್ನ ವಾದ ಇಟ್ಟ. ಪ್ರಿಯರೇ, ಅವನ ವಾದ ಚೆನ್ನಾಗಿತ್ತು. ಎದುರಿನವನ ವಾದವನ್ನು ಸೊಟ್ಟ ಮಾಡಿ ಹೇಳಿ ಗೆಲ್ಲೋದು ಕೂಡ ಒಂದು ಮೋಸವೇ. ಅದಕ್ಕೆ ನೇರವಾಗಿ ಹೇಳ್ತೀನಿ.

ಅವನು ಹೇಳಿದ: "ಅಣ್ಣ, ಇದರಲ್ಲಿ ಮೋಸ ಇಲ್ಲ. ನೆವಾಡಾದ ನಿಯಮ ಏನಂದ್ರೆ, ಇಸ್ಪೀಟ್ ಎಲೆ ತೋರಿಸೋ ಯಂತ್ರದಲ್ಲಿ ಪ್ರತಿ ಎಲೆ ಬರುವ ಸಂಭವ ನಿಜವಾದ 52 ಎಲೆಯ ಕಟ್ಟಿನಲ್ಲಿ ಎಷ್ಟಿದೆಯೋ ಅಷ್ಟೇ ಇರಬೇಕು. ಯಾವ ಕೈಗೆ ಎಷ್ಟು ಕೊಡ್ತೀವಿ ಅಂತ ಪರದೆ ಮೇಲೇ ಬರೆದಿರ್ತಾರೆ. ಲೆಕ್ಕ ಬಲ್ಲವನು ಕೂತು ಲೆಕ್ಕ ಹಾಕಬಹುದು. ಒಳ್ಳೆ ಯಂತ್ರದಲ್ಲಿ ಒಂದೂ ತಪ್ಪಿಲ್ಲದೆ ಆಡಿದರೆ, ದೀರ್ಘ ಕಾಲಕ್ಕೆ, ಹಾಕಿದ ನೂರಕ್ಕೆ 99.54 ವಾಪಸ್ ಬರ್ತದೆ. ನನಗೆ ಗಂಟೆಗೆ ಮೂರೂವರೆ ಡಾಲರ್ ಖರ್ಚು. ಇಲ್ಲಿ ಸಿನಿಮಾ ಟಿಕೆಟ್ ಅದಕ್ಕಿಂತ ಜಾಸ್ತಿ. ಸಿನಿಮಾ ಪಾಪ ಅಲ್ಲದಿದ್ರೆ ಇದು ಹೇಗೆ ಪಾಪ?"

ನಿಮಗೆ ಗೊತ್ತು, ನಾನು ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದವನು, ಆದರೆ ವಾರದ ಆರು ದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೀತೀನಿ. ಲೆಕ್ಕ ಅಂದ್ರೆ ಬಿಡೋದಿಲ್ಲ. ಕೂತು ಹಾಕಿ ನೋಡಿದೆ. ಗಂಟೆಗೆ ಆರುನೂರು ಕೈ ಅಂತ ಇಟ್ಟುಕೊಳ್ಳಿ; ಅಭ್ಯಾಸ ಇರುವವರು ಅಷ್ಟು ಆಡ್ತಾರೆ. ಒಂದು ಕೈಗೆ ಒಂದೂಕಾಲು ಡಾಲರ್. ಗಂಟೆಗೆ 750 ಡಾಲರ್ ಯಂತ್ರದೊಳಗೆ ಹೋಗಿ ಬಂತು. ಅದರಲ್ಲಿ ನೂರಕ್ಕೆ 46 ಸೆಂಟ್ ಯಂತ್ರಕ್ಕೆ. ಒಟ್ಟು ಮೂರು ಡಾಲರ್ 45 ಸೆಂಟ್. ಹುಡುಗ ಹೇಳಿದ ಲೆಕ್ಕ ಸರಿ.

ನಮ್ಮ ನಾಡಿನಲ್ಲಿ ಜೂಜು ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಶಕುನಿಯ ದಾಳ. ಧರ್ಮರಾಯ ಸೋತ, ಯಾಕಂದ್ರೆ ದಾಳದಲ್ಲಿ ಕಪಟ ಇತ್ತು ಅಂತ ನಾವು ಸಮಾಧಾನ ಮಾಡ್ಕೊಳ್ತೇವೆ. ಇಲ್ಲಿ ಕಪಟ ಇಲ್ಲ. ದಾಳ ನೆಟ್ಟಗಿದೆ. ಹಾಗಾದ್ರೆ ನಾವು ಏನು ಹೇಳೋಣ? ಮೋಸ ಇಲ್ಲದ್ದೆಲ್ಲ ಒಳ್ಳೆಯದೇ? ಇವತ್ತಿನ ಪ್ರಶ್ನೆ ನಿಜವಾಗಿ ಅದು.

ಧರ್ಮೋಪದೇಶಕಾಂಡ 25ನೇ ಅಧ್ಯಾಯ ತೆಗೆಯಿರಿ. 13ನೇ ವಚನದಿಂದ ನೋಡಿ. ದೇವರು ಇಸ್ರಾಯೇಲ್ಯರಿಗೆ ತೂಕದ ಕಲ್ಲಿನ ವಿಷಯ ಹೇಳ್ತಾನೆ. ಒಬ್ಬ ವ್ಯಾಪಾರಿಯ ಚೀಲದಲ್ಲಿ ಎರಡು ತರದ ಕಲ್ಲು ಇರಬಾರದು, ಕೊಳ್ಳೋಕೆ ದೊಡ್ಡದು, ಮಾರೋಕೆ ಚಿಕ್ಕದು. ನಮ್ಮ ಅಂಗಡಿಯಲ್ಲಿ ಮೊಳೆ, ತಂತಿ ಇವತ್ತಿಗೂ ತೂಕದ ಮೇಲೆ ಹೋಗ್ತದೆ. ತಕ್ಕಡಿಗೆ ಇಲಾಖೆಯವರು ಬಂದು ಮುದ್ರೆ ಹಾಕಿ ಹೋಗ್ತಾರೆ. ಒಂದು ಕೆಜಿ ಕಲ್ಲು ಅಂದ್ರೆ ಯಾರು ಬಂದರೂ ಒಂದು ಕೆಜಿ. ಬರೋದು ಇಂಜಿನಿಯರ್ ಆಗಿರಲಿ, ಗಾರೆ ಕೆಲಸದ ಅಜ್ಜ ಆಗಿರಲಿ.

ನಾನು ಆ ತಮ್ಮನಿಗೆ ಒಂದು ಮಾತು ಕೇಳಿದೆ. "ಅಲ್ಲಿರೋ ಯಂತ್ರ ಎಲ್ಲಾ ಒಂದೇ ತರ ಕೊಡ್ತವಾ?" ಅವನು ತಡವರಿಸಿದ. "ಇಲ್ಲ ಅಣ್ಣ. ಅದನ್ನ ನೋಡ್ಕೊಂಡೇ ಕೂರಬೇಕು." ಆಮೇಲೆ ಬಿಡಿಸಿ ಹೇಳಿದ. ಫುಲ್ ಹೌಸ್ ಅಂತ ಒಂದು ಕೈ, ಫ್ಲಶ್ ಅಂತ ಒಂದು ಕೈ. ಒಳ್ಳೆ ಯಂತ್ರದಲ್ಲಿ ಇವೆರಡಕ್ಕೆ 9 ಮತ್ತು 6 ಕೊಡ್ತದೆ. ಇನ್ನೊಂದರಲ್ಲಿ 8 ಮತ್ತು 5. ಮತ್ತೊಂದರಲ್ಲಿ 6 ಮತ್ತು 5. ಬಾಕಿ ಎಲ್ಲಾ ಒಂದೇ. ಅದೇ ಆಟದ ಹೆಸರು, ಅದೇ ಗುಂಡಿ, ಅದೇ ರಾಜ ರಾಣಿ. ಹೊಸದಾಗಿ ಬಂದ ಚಂದದ ಯಂತ್ರಗಳಲ್ಲಿ ಹೆಚ್ಚಿನವು ಕಡಿಮೆ ಕೊಡುವವೇ ಅಂತ ಅವನಿಗೆ ಬೇಜಾರು. "ಪರದೆ ಸುಧಾರಿಸಿದೆ, ಪಾವತಿ ಕೆಟ್ಟಿದೆ" ಅಂದ.

ಮೂರು ನಾಣ್ಯ, ಒಂದು ನಾಣ್ಯದ ವ್ಯತ್ಯಾಸ ತಾನೆ, ಏನಾಗ್ತದೆ ಅನ್ನಿಸ್ತದೆ. ಲೆಕ್ಕ ನೋಡಿ. 8 ಮತ್ತು 5 ಕೊಡೋ ಯಂತ್ರದಲ್ಲಿ ತಪ್ಪಿಲ್ಲದೆ ಆಡಿದರೂ ನೂರಕ್ಕೆ ವಾಪಸ್ ಬರೋದು 97.3. 6 ಮತ್ತು 5 ಕೊಡೋದರಲ್ಲಿ 95. ಅಂದ್ರೆ ಮೊದಲನೆಯದರಲ್ಲಿ ಗಂಟೆಗೆ ಮೂರೂವರೆ ಡಾಲರ್ ಹೋದರೆ ಇದರಲ್ಲಿ ಮೂವತ್ತೇಳೂವರೆ. ಹೆಚ್ಚು ಕಡಿಮೆ ಹನ್ನೊಂದು ಪಟ್ಟು. ಪಕ್ಕ ಪಕ್ಕದ ಎರಡು ಕುರ್ಚಿ. ಎರಡು ತೂಕದ ಕಲ್ಲು, ಮುಖ ಮಾತ್ರ ಒಂದೇ.

"ಆದ್ರೆ ಬರೆದು ಹಾಕಿದ್ದಾರಲ್ಲ ಅಣ್ಣ" ಅಂದ. ಹೌದು, ಬರೆದಿದ್ದಾರೆ. ಸುಳ್ಳು ಹೇಳಿಲ್ಲ. ಒಪ್ತೀನಿ. ಆದರೆ ದೇವಜನರೇ, ಸುಳ್ಳು ಹೇಳದೆ ಇರೋದು ಬೇರೆ, ಸತ್ಯದಲ್ಲಿ ನಡೆಯೋದು ಬೇರೆ. ನಮ್ಮ ಅಂಗಡಿಯಲ್ಲಿ ಎಂಟುನೂರು ಗ್ರಾಂನ ಒಂದು ಕಲ್ಲು ಇಟ್ಟು, ಅದರ ಮೇಲೆ ಸಣ್ಣದಾಗಿ "800 ಗ್ರಾಂ" ಅಂತ ಕೆತ್ತಿ, ಒಂದು ಕೆಜಿಯ ಬೆಲೆಗೇ ಮಾರಿದರೆ? ಓದಿದವನು ಆ ಕಡೆಯ ತಕ್ಕಡಿಗೆ ಹೋಗ್ತಾನೆ. ಓದಲು ಬಾರದವನು, ದಣಿದವನು, ಕಣ್ಣು ಮಂಜಾದ ಅಜ್ಜ, ಇವರು ಈ ಕಲ್ಲಿನಲ್ಲಿ ತೂಗಿಸಿಕೊಂಡು ಹೋಗ್ತಾರೆ. ಮಾಲೀಕ "ನಾನು ಬರೆದಿದ್ದೆ" ಅಂತ ಹೇಳಬಹುದು. ನ್ಯಾಯಾಲಯದಲ್ಲಿ ಗೆಲ್ಲಲೂಬಹುದು. ಆದರೆ ಆ ವ್ಯಾಪಾರ ನಿಂತಿರೋದು ಓದುವವರ ಮೇಲಲ್ಲ, ಓದದವರ ಮೇಲೆ. ನೆರೆಯವನು ಗಮನಿಸದೆ ಇರಲಿ ಅನ್ನೋ ಆಸೆಯ ಮೇಲೆ ನಿಂತ ವ್ಯಾಪಾರವನ್ನು ಯಾವ ಮುದ್ರೆಯೂ ಶುದ್ಧ ಮಾಡೋದಿಲ್ಲ.

ಇನ್ನು ಒಂದು ಹೆಜ್ಜೆ ಮುಂದೆ ಹೋಗೋಣ. ನಮ್ಮ ತಮ್ಮ ಓದಿ ಕೂತವನು. ಅವನು ಯಾರಿಗೂ ಮೋಸ ಮಾಡಲಿಲ್ಲ. ಹಾಗಾದ್ರೆ ಅವನ ಸಾವಿರ ಡಾಲರ್ ಎಲ್ಲಿಂದ ಬಂತು? ಯಂತ್ರ ದುಡ್ಡು ಹೆರೋದಿಲ್ಲ. ಕ್ಯಾಸಿನೊ ಭತ್ತ ಬೆಳೆಯೋದಿಲ್ಲ, ಬಟ್ಟೆ ನೇಯೋದಿಲ್ಲ. ಆ ಸಾವಿರ ಡಾಲರ್ ಪಕ್ಕದ ಕುರ್ಚಿಗಳಲ್ಲಿ ಕೂತವರದು. 6 ಮತ್ತು 5ರ ಯಂತ್ರದ ಮುಂದೆ ಕೂತ ಅಜ್ಜಿ ಅದರಲ್ಲಿ ಇದ್ದಾಳೆ. ಮನೆ ಬಾಡಿಗೆ ತಂದು ಕೂತವನು ಇದ್ದಾನೆ. ಹಳ್ಳಿಯಲ್ಲಿ ಅರಳಿಕಟ್ಟೆ ಮೇಲೆ ಇಸ್ಪೀಟ್ ಆಡ್ತಾರಲ್ಲ, ಅದೂ ಕೆಟ್ಟದ್ದೇ, ಆದರೆ ಅಲ್ಲಿ ಸೋತವನ ಮುಖ ಗೆದ್ದವನಿಗೆ ಕಾಣ್ತದೆ. ಅವನ ಹೆಂಡತಿ ನಾಳೆ ಬಾವಿ ಹತ್ರ ಎದುರಾಗ್ತಾಳೆ. ಎಷ್ಟೋ ಸಲ ಆ ನಾಚಿಕೆಯೇ ಆಟ ನಿಲ್ಲಿಸ್ತದೆ. ವಿಡಿಯೊ ಪೋಕರಿನಲ್ಲಿ ಹೆಸರು ಪೋಕರ್, ಆದರೆ ಎದುರಾಳಿ ಇಲ್ಲ. ಮುಖ ಇಲ್ಲ. ಎದುರಿಗೆ ಗಾಜು. ಗೆದ್ದವನು ಯಾರ ಜೇಬಿಗೆ ಕೈ ಹಾಕಿದ ಅಂತ ಅವನಿಗೇ ಗೊತ್ತಾಗದ ಹಾಗೆ ನಡುವೆ ಗಾಜು ನಿಲ್ಲಿಸಿದ್ದಾರೆ.

ಇಲ್ಲಿ ಕೆಲವರಿಗೆ ಒಂದು ಪ್ರಶ್ನೆ ಏಳಬಹುದು. "ಪಾಸ್ಟರ್, ರೈತನ ಬಾಳೂ ಜೂಜೇ ಅಲ್ವಾ? ಮಳೆ ಬಂದರೆ ಬೆಳೆ, ಇಲ್ಲಾಂದ್ರೆ ಸಾಲ. ಅಂಗಡಿ ಇಟ್ಟವನೂ ಜೂಜಾಡ್ತಾನೆ. ಇನ್ಶೂರೆನ್ಸೂ ಹಾಗೇ." ಅಪಾಯ ಇರೋದೆಲ್ಲ ಜೂಜಲ್ಲ. ರೈತ ಬಿತ್ತಿದಾಗ ಅಪಾಯ ಬೆನ್ನಿಗೆ ಬರ್ತದೆ, ಅವನು ಅದನ್ನು ಕರೀಲಿಲ್ಲ. ಬೆಳೆ ಬಂದರೆ ಅವನೂ ಉಣ್ತಾನೆ, ತಿಂದವನೂ ಉಣ್ತಾನೆ. ಒಬ್ಬನ ಗೆಲುವಿಗೆ ಇನ್ನೊಬ್ಬ ಸೋಲಲೇಬೇಕು ಅಂತ ಇಲ್ಲ. ಇನ್ಶೂರೆನ್ಸ್ ನಿಮ್ಮ ತಲೆ ಮೇಲಿರೋ ಅಪಾಯವನ್ನು ಹತ್ತು ಜನರ ಹೆಗಲಿಗೆ ಹಂಚ್ತದೆ. ಜೂಜು ಇಲ್ಲದ ಅಪಾಯವನ್ನು ಮನೆಗೆ ಕರೆದು ತರ್ತದೆ, ಮತ್ತು ಒಬ್ಬ ಅಳದೆ ಇನ್ನೊಬ್ಬ ನಗೋದಕ್ಕೆ ಅಲ್ಲಿ ದಾರಿಯೇ ಇಲ್ಲ.

ಇನ್ನೊಂದು ಪ್ರಶ್ನೆ ಬೈಬಲ್ ಓದುವವರದು. ಚೀಟು ಹಾಕೋದು ಸತ್ಯವೇದದಲ್ಲೇ ಇದೆಯಲ್ಲ? ಇದೆ. ಯೆಹೋಶುವನು ಚೀಟು ಹಾಕಿ ಕುಲಗಳಿಗೆ ನಾಡನ್ನು ಹಂಚಿದ. ಅಪೊಸ್ತಲರು ಚೀಟು ಹಾಕಿದರು, ಅದು ಮತ್ತೀಯನಿಗೆ ಬಂತು. "ಜೂಜಾಡಬೇಡ" ಅಂತ ನೇರವಾಗಿ ಒಂದು ಆಜ್ಞೆ ಹತ್ತು ಆಜ್ಞೆಗಳಲ್ಲಿ ಇಲ್ಲ, ಅದನ್ನೂ ಹೇಳ್ತೀನಿ; ಇಲ್ಲದ್ದನ್ನು ಇದೆ ಅಂತ ಈ ಸ್ಥಳದಲ್ಲಿ ನಿಂತು ಹೇಳಬಾರದು. ಆದರೆ ಗಮನಿಸಿ. ಆ ಚೀಟು ಹಾಕಿದ್ದು ಜಗಳ ಬಾರದಿರಲಿ ಅಂತ, ನನ್ನ ಆಸೆ ಬದಿಗಿರಲಿ ಅಂತ. ಯಾರೂ ಏನನ್ನೂ ಪಣಕ್ಕೆ ಇಡಲಿಲ್ಲ. ಇನ್ನೊಂದು ಚೀಟು ಇದೆ. ಶಿಲುಬೆಯ ಕೆಳಗೆ ಸೈನಿಕರು ಹಾಕಿದ ಚೀಟು. ಸಾಯುತ್ತಿರುವವನ ಅಂಗಿ ಯಾರಿಗೆ ಅಂತ. ಅವರೂ ಮೋಸ ಮಾಡಲಿಲ್ಲ, ಸಮನಾಗಿಯೇ ಆಡಿದರು. ಆದರೆ ಅವರ ಕಣ್ಣು ಅಂಗಿಯ ಮೇಲಿತ್ತು, ತಲೆ ಎತ್ತಿ ಮೇಲೆ ನೋಡೋಕೆ ಪುರುಸೊತ್ತು ಇರಲಿಲ್ಲ. ಆಟ ನ್ಯಾಯವಾಗಿತ್ತು, ಆಡಿದ ಜಾಗ ಎಂಥದ್ದು?

ಈಗ ಸಿನಿಮಾ ಟಿಕೆಟ್ಟಿನ ವಾದಕ್ಕೆ ಬರೋಣ. ಮನರಂಜನೆ ತಾನೆ? ನಾನು ಅವನಿಗೆ ಹೇಳಿದೆ, "ತಮ್ಮಾ, ಇದೇ ಆಟ ಫೋನಿನಲ್ಲಿ ಬಿಟ್ಟಿಯಾಗಿ ಸಿಗ್ತದೆ ಅಂತ ನೀನೇ ಹೇಳಿದೆ. ಅದರಲ್ಲೇ ಅಭ್ಯಾಸ ಮಾಡಿದ್ದು ಅಂದೆ. ಅದೇ ಎಲೆ, ಅದೇ ಲೆಕ್ಕ. ಅದನ್ನೇ ಆಡು." ಅವನು ತಕ್ಷಣ, "ಅಯ್ಯೋ, ಅದರಲ್ಲಿ ಮಜಾ ಇಲ್ಲ ಅಣ್ಣ" ಅಂದ. ಹಾಗಾದ್ರೆ ಮಜಾ ಎಲೆಯಲ್ಲಿ ಇರಲಿಲ್ಲ, ಬುದ್ಧಿ ಓಡಿಸೋದರಲ್ಲೂ ಇರಲಿಲ್ಲ. ದುಡ್ಡು ಹೋಗಬಹುದು, ಬರಬಹುದು ಅನ್ನೋ ಆ ಎದೆಬಡಿತದಲ್ಲಿ ಇತ್ತು. ನಿಮ್ಮ ಮನಸ್ಸನ್ನು ನೀವೇ ಪರೀಕ್ಷೆ ಮಾಡ್ಕೊಳ್ಳಿ: ದುಡ್ಡು ತೆಗೆದಿಟ್ಟರೆ ಆಟ ಬೇಡ ಅನ್ನಿಸಿದರೆ, ನೀವು ಆಡ್ತಾ ಇದ್ದದ್ದು ಆಟ ಅಲ್ಲ.

ಸಿನಿಮಾ ಮೂರು ಗಂಟೆಗೆ ಮುಗೀತದೆ. ದೀಪ ಹಾಕ್ತಾರೆ, ಎದ್ದು ಮನೆಗೆ ಹೋಗ್ತೇವೆ. ಹೋದ ಟಿಕೆಟ್ ದುಡ್ಡನ್ನು ವಾಪಸ್ ಪಡೆಯೋಕೆ ಇನ್ನೊಂದು ಸಿನಿಮಾ ಯಾರೂ ನೋಡೋದಿಲ್ಲ. ಈ ಯಂತ್ರಕ್ಕೆ "ಶುಭಂ" ಇಲ್ಲ. ಅದರ ಒಳಗಿನ ಲೆಕ್ಕವನ್ನೇ ನೋಡಿ. ರಾಯಲ್ ಫ್ಲಶ್ ಬರೋದು ಸುಮಾರು ನಲವತ್ತು ಸಾವಿರ ಕೈಗೆ ಒಂದು. ಗಂಟೆಗೆ ಆರುನೂರರಂತೆ ಅರವತ್ತೇಳು ಗಂಟೆಯ ಆಟ. ಅದೂ ಸರಾಸರಿ, ಖಾತ್ರಿ ಅಲ್ಲ. ಆ 99.54ರಲ್ಲಿ ಹತ್ತಿರ ಹತ್ತಿರ ಎರಡು ಪಾಲು ಇರೋದು ಆ ಒಂದು ಕೈಯಲ್ಲಿ. ಅದು ಬರೋ ತನಕ ಒಂದೂ ತಪ್ಪು ಮಾಡದವನು ಕೂಡ ಗಂಟೆಗೆ ಮೂರೂವರೆ ಅಲ್ಲ, ಸುಮಾರು ಹದಿನೆಂಟು ಡಾಲರ್ ಕಳ್ಕೊಳ್ತಾ ಇರ್ತಾನೆ. ಇನ್ನೊಂದು ಸೂಕ್ಷ್ಮ. ಐದು ಕೈಗೆ ಒಂದು ಕೈಯಷ್ಟು ಸಲ ಬರೋದು ಗುಲಾಮನ ಮೇಲಿನ ಜೋಡಿ. ಆಗ ಯಂತ್ರ ನಿಮ್ಮ ದುಡ್ಡನ್ನೇ ನಿಮಗೆ ವಾಪಸ್ ಕೊಟ್ಟು, ಗೆದ್ದಿರಿ ಅಂತ ಸದ್ದು ಮಾಡ್ತದೆ. ನಿಮ್ಮ ಜೇಬಿನ ರೂಪಾಯಿ ನಿಮ್ಮ ಕೈಗೇ ಇಟ್ಟು ಚಪ್ಪಾಳೆ ತಟ್ಟಿದ ಹಾಗೆ.

ಅಮೆರಿಕದ ಮಾನವಶಾಸ್ತ್ರಜ್ಞೆ ನತಾಶಾ ಡೌ ಶುಲ್ ಎಂಬವರು ಲಾಸ್ ವೇಗಾಸ್‌ನ ಯಂತ್ರದ ಜೂಜಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿ 2012ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಮಾತಾಡಿಸಿದ ಆಟಗಾರರಲ್ಲಿ ವಿಡಿಯೊ ಪೋಕರ್ ಆಡುವವರೇ ಬಹಳ ಜನ. ಅವರು ಕಂಡುಕೊಂಡ ಒಂದು ವಿಷಯ ನನ್ನ ನಿದ್ದೆ ಕೆಡಿಸಿತು. ಆಳವಾಗಿ ಸಿಕ್ಕಿಬಿದ್ದವರು ಗೆಲ್ಲೋದಕ್ಕೆ ಆಡೋದಿಲ್ಲವಂತೆ. ಆಡ್ತಾ ಇರೋದಕ್ಕೇ ಆಡ್ತಾರೆ. ಯಂತ್ರದ ಮುಂದೆ ಕೂತಾಗ ಸಮಯ ಮರೆತು ಹೋಗ್ತದೆ, ಹಸಿವು, ಮೈಕೈ ನೋವು, ಸಾಲ, ಮನೆಯವರು ಎಲ್ಲಾ ಮರೆತು ಹೋಗ್ತಾರೆ. ಒಂದು ಖಾಲಿ ಜಾಗ. ಗೆದ್ದು ಆಟ ನಿಂತರೆ ಅದೇ ತೊಂದರೆ ಅನ್ನಿಸೋ ಮಟ್ಟಕ್ಕೆ ಹೋಗ್ತಾರೆ. ನಾವು ಜೂಜುಗಾರನನ್ನು ಹಣದ ಆಸೆಯವನು ಅಂತ ಬೈತೇವೆ. ಮೊದಲ ದಿನ ಹೌದು. ಆಮೇಲೆ ಅವನು ಹಣವನ್ನು ಬಯಸ್ತಾ ಇಲ್ಲ. ತನ್ನ ಬಾಳಿನಿಂದ ಸ್ವಲ್ಪ ಹೊತ್ತು ಕಾಣೆಯಾಗೋದನ್ನು ಬಯಸ್ತಾ ಇದ್ದಾನೆ. ಅವನಿಗೆ ದುರಾಶೆಯ ಮೇಲೆ ಪ್ರಸಂಗ ಮಾಡಿದರೆ ತಲುಪೋದಿಲ್ಲ, ಯಾಕಂದ್ರೆ ಅವನ ರೋಗ ಬೇರೆ.

ಒಂದು ನಿಜವಾದ ಘಟನೆ ಹೇಳ್ತೀನಿ. ಅಮೆರಿಕದ ಸ್ಯಾನ್ ಡಿಯಾಗೊ ನಗರಕ್ಕೆ ಮೌರೀನ್ ಓಕಾನರ್ ಎಂಬವರು ಮೇಯರ್ ಆಗಿದ್ದರು, 1986ರಿಂದ 1992ರವರೆಗೆ. ಆ ನಗರದ ಮೊದಲ ಮಹಿಳಾ ಮೇಯರ್. ಅವರ ಗಂಡ ದೊಡ್ಡ ಫಾಸ್ಟ್ ಫುಡ್ ಉದ್ಯಮ ಕಟ್ಟಿದವರು, 1994ರಲ್ಲಿ ತೀರಿಕೊಂಡರು. ಆಮೇಲೆ ಈ ತಾಯಿ ಕ್ಯಾಸಿನೊಗೆ ಹೋಗೋಕೆ ಶುರು ಮಾಡಿದರು. ಆಡಿದ್ದು ವಿಡಿಯೊ ಪೋಕರ್. 2013ರಲ್ಲಿ ವಿಷಯ ನ್ಯಾಯಾಲಯಕ್ಕೆ ಬಂತು. ಒಂಬತ್ತು ವರ್ಷಗಳಷ್ಟು ಕಾಲದಲ್ಲಿ ಅವರು ಗೆದ್ದ ಮೊತ್ತವೇ ನೂರು ಕೋಟಿ ಡಾಲರಿಗೂ ಹೆಚ್ಚು. ಹೌದು, ಗೆದ್ದದ್ದು! ಸೋತದ್ದು ಅದಕ್ಕಿಂತ ಸುಮಾರು ಒಂದು ಕೋಟಿ ಮೂವತ್ತು ಲಕ್ಷ ಡಾಲರ್ ಜಾಸ್ತಿ. ಕೈ ಖಾಲಿಯಾದಾಗ ಗಂಡನ ಹೆಸರಿನ ಧರ್ಮಾರ್ಥ ಸಂಸ್ಥೆಯಿಂದ ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ತೆಗೆದುಕೊಂಡರು. ಅವರಿಗೆ ಮೆದುಳಿನಲ್ಲಿ ಗಡ್ಡೆ ಇತ್ತು ಅಂತಲೂ ನ್ಯಾಯಾಲಯದಲ್ಲಿ ಹೇಳಲಾಯಿತು. ದುಡ್ಡು ಹಿಂದಿರುಗಿಸಲು, ಚಿಕಿತ್ಸೆ ಪಡೆಯಲು ಒಪ್ಪಿದರು, ವಿಚಾರಣೆಯನ್ನು ಮುಂದೂಡಿದರು.

ಲೆಕ್ಕದವನಾಗಿ ನಾನು ಇದನ್ನೂ ಭಾಗಿಸಿ ನೋಡಿದೆ. ನೂರಕ್ಕೆ ಹೆಚ್ಚಂದ್ರೆ ಒಂದು ರೂಪಾಯಿ ಮೂವತ್ತು ಪೈಸೆಯಷ್ಟು. ಅಷ್ಟೇ! ಯಂತ್ರ ಅವರಿಗೆ ಬಹಳ ನ್ಯಾಯವಾಗಿಯೇ ನಡ್ಕೊಂಡಿತು. ನೂರಕ್ಕೆ ತೊಂಬತ್ತೆಂಟೂವರೆ ಮೇಲೆ ವಾಪಸ್ ಕೊಟ್ಟಿತು. ಆ ಉಳಿದ ಒಂದೂ ಚಿಲ್ಲರೆಯಲ್ಲಿ ಒಂದು ಮನೆ, ಒಂದು ಗೌರವ, ಸತ್ತ ಗಂಡನ ಹೆಸರಿನ ಒಂದು ಸೇವೆ ಎಲ್ಲವೂ ಹೋಯಿತು. ಶಕುನಿ ಬೇಕಾಗಲಿಲ್ಲ. "ಬರೀ ಅರ್ಧ ಪರ್ಸೆಂಟ್ ಅಣ್ಣ" ಅನ್ನೋ ತಮ್ಮನಿಗೆ ನಾನು ಇದನ್ನೇ ಹೇಳಿದೆ. ಶೇಕಡಾ ಎಷ್ಟು ಅಂತ ಕೇಳಬೇಡ. ಎಷ್ಟು ಸಲ ಅಂತ ಕೇಳು. ಸಣ್ಣ ತೂತಿನಿಂದ ಕೆರೆ ಖಾಲಿಯಾಗೋದಿಲ್ಲ ಅಂತ ಯಾರು ಹೇಳಿದರು? ತೂತು ಮುಚ್ಚದೆ ಇದ್ದರೆ ಸಾಕು.

ಈಗ ದಶಮಾಂಶಕ್ಕೆ ಬರ್ತೀನಿ. ಮತ್ತಾಯ 27ನೇ ಅಧ್ಯಾಯ. ಯೂದನು ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು ಹೋದ. ಮಹಾಯಾಜಕರು, ಯೇಸುವನ್ನು ಕೊಲ್ಲಿಸಿದ ಅದೇ ಮಹಾಯಾಜಕರು, ಆ ದುಡ್ಡನ್ನು ಕಾಣಿಕೆ ಪೆಟ್ಟಿಗೆಗೆ ಹಾಕಲು ಒಪ್ಪಲಿಲ್ಲ. ರಕ್ತದ ಕ್ರಯ ಅಂದರು. ಅದರಿಂದ ಕುಂಬಾರನ ಹೊಲ ಕೊಂಡು ಪರದೇಶಿಗಳನ್ನು ಹೂಣಲು ಬಿಟ್ಟರು. ಇದನ್ನು ಓದುವಾಗ ನನಗೆ ನಡುಕ ಬರ್ತದೆ. ಅವರು ದುಡ್ಡಿನ ಶುದ್ಧಿ ನೋಡಿದರು, ತಮ್ಮ ಕೈಯ ಶುದ್ಧಿ ನೋಡಲಿಲ್ಲ. ಹಾಗಾಗಿ ನಾನು "ನಿನ್ನ ದುಡ್ಡು ಹೊಲಸು, ನಮ್ಮ ಪೆಟ್ಟಿಗೆ ಪವಿತ್ರ" ಅಂತ ಆ ತಮ್ಮನಿಗೆ ಹೇಳೋದಕ್ಕೆ ಆಗೋದಿಲ್ಲ. ನಮ್ಮ ಪೆಟ್ಟಿಗೆಗೆ ಬೀಳೋ ಪ್ರತಿ ನೋಟಿನ ಇತಿಹಾಸ ನಾವು ಕೇಳ್ತೇವಾ? ಕೂಲಿಯವರಿಗೆ ಕಡಿಮೆ ಕೊಟ್ಟು ಉಳಿಸಿದ್ದು, ಬಡ್ಡಿಗೆ ಬಡ್ಡಿ ಹಾಕಿದ್ದು, ಲಂಚದ್ದು ಬರೋದೇ ಇಲ್ಲ ಅಂತ ಎದೆ ಮುಟ್ಟಿ ಹೇಳಬಲ್ಲೆವಾ?

ಆದರೂ ನಾನು ಬೇಡ ಅಂದೆ. ಕಾರಣ ಎರಡು. ಮೊದಲನೆಯದು, ದಶಮಾಂಶ ಅನ್ನೋದು ತೆರಿಗೆ ಅಲ್ಲ, ಅದು ಒಂದು ಸಾಕ್ಷಿ. "ಕರ್ತನೇ, ಇದನ್ನು ನೀನು ಕೊಟ್ಟೆ" ಅಂತ ಹೇಳೋದು. ಪಕ್ಕದ ಕುರ್ಚಿಯ ಅಜ್ಜಿಯ ಕೈಯಿಂದ ಕಿತ್ತುಕೊಟ್ಟೆ ಅಂತ ದೇವರಿಗೆ ಹೇಳೋಕೆ ಬಾಯಿ ಬರ್ತದಾ? ಹತ್ತರಲ್ಲಿ ಒಂದು ಕೊಟ್ಟರೆ ಉಳಿದ ಒಂಬತ್ತಕ್ಕೆ ಮುದ್ರೆ ಬಿತ್ತು ಅಂತ ಮನಸ್ಸು ಸಮಾಧಾನ ಮಾಡ್ಕೊಳ್ತದೆ. ನಾನು ಆ ನೂರು ತಗೊಂಡರೆ ಅವನ ಒಂಬೈನೂರಕ್ಕೆ ರಸೀದಿ ಬರೆದುಕೊಟ್ಟ ಹಾಗೆ.

ಎರಡನೆಯದು ನಮ್ಮದೇ ಮನಸ್ಸು. ಶೀಟು ಹಾಕೋಕೆ ಒಮ್ಮೆ ಅಂಥ ದುಡ್ಡು ಬಂದರೆ, ಮುಂದಿನ ಸಲ ಅವನು ನೆವಾಡಾಕ್ಕೆ ಹೊರಟಾಗ ನಾವು ಏನು ಪ್ರಾರ್ಥನೆ ಮಾಡ್ತೇವೆ? ಹೋಗಬೇಡಪ್ಪ ಅಂತಲೋ, ಗೆಲ್ಲಲಿ ಅಂತಲೋ? ಅವನ ಸೋಲಿಗಾಗಿ ಕಾಯ್ತಾ ಇರೋ ಯಂತ್ರ ಒಂದು ಕಡೆ, ಗೆಲುವಿಗಾಗಿ ಕಾಯ್ತಾ ಇರೋ ಸಭೆ ಇನ್ನೊಂದು ಕಡೆ. ಆ ಮಗನ ಆತ್ಮಕ್ಕಾಗಿ ಕಾಯುವವರು ಯಾರು?

ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದ್ರೆ ಈ ಸಾವಿರ ಏನು ಮಾಡ್ಲಿ?" ಅಂದ. ಕಳ್ಕೊಂಡವರಿಗೆ ವಾಪಸ್ ಕೊಡೋಣ ಅಂದ್ರೆ ಮುಖ ಇಲ್ಲ, ವಿಳಾಸ ಇಲ್ಲ. ಅದೇ ಈ ಆಟದ ದೊಡ್ಡ ಕಷ್ಟ: ಜಕ್ಕಾಯ ತಾನು ಅನ್ಯಾಯವಾಗಿ ತಗೊಂಡದ್ದನ್ನು ನಾಲ್ಕರಷ್ಟು ಹಿಂದೆ ಕೊಡ್ತೀನಿ ಅಂದ, ಯಾಕಂದ್ರೆ ಯಾರಿಂದ ತಗೊಂಡೆ ಅಂತ ಅವನಿಗೆ ಗೊತ್ತಿತ್ತು. ಇಲ್ಲಿ ಪಶ್ಚಾತ್ತಾಪ ಪಟ್ಟರೂ ಬಾಗಿಲು ತಟ್ಟೋಕೆ ಮನೆ ಇಲ್ಲ. ಜೂಜಿನಿಂದ ಬಿಡುಗಡೆಯಾಗಲು ಒದ್ದಾಡುವವರಿಗೆ ಅವನಿರೋ ಊರಲ್ಲೇ ಸಹಾಯ ಮಾಡುವವರು ಇದ್ದಾರೆ, ಅವರಿಗೆ ಪೂರ್ತಿ ಕೊಡು, ಹತ್ತರಲ್ಲಿ ಒಂದಲ್ಲ ಅಂದೆ. ಕೊಟ್ಟನೋ ಬಿಟ್ಟನೋ ನಾನು ಕೇಳಿಲ್ಲ, ಕೇಳೋದೂ ಇಲ್ಲ. ಅದು ಅವನಿಗೂ ದೇವರಿಗೂ ಬಿಟ್ಟದ್ದು.

ಈಗ ನಮ್ಮ ಕಡೆ ನೋಡೋಣ. ನೆವಾಡಾ ದೂರ ಅಂತ ಯಾರೂ ಹಾಯಾಗಿ ಕೂರಬೇಡಿ. ಪಣಜಿ ದೂರ ಇಲ್ಲ. ಮಾಂಡೋವಿ ನದಿಯ ಮೇಲೆ ನಿಂತ ಕ್ಯಾಸಿನೊ ಹಡಗುಗಳಿಗೆ ಶುಕ್ರವಾರ ರಾತ್ರಿ ಬಸ್ ಹತ್ತಿ ಹೋಗುವ ಹುಡುಗರು ನಮ್ಮ ಊರಲ್ಲೂ ಇದ್ದಾರೆ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. ಆಗ ಎಷ್ಟೋ ತಾಯಂದಿರು ಉಸಿರು ಬಿಟ್ಟರು. ಆಮೇಲೆ ಜೂಜು ಅಂಗೈಗೇ ಬಂತು, ರಮ್ಮಿ ಅಂತ, ಕ್ರಿಕೆಟ್ ಟೀಮ್ ಅಂತ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ದೇಶಕ್ಕೇ ಬಂತು. ಒಳ್ಳೆಯದು. ಆದರೆ ಕಾನೂನು ಆಪ್ ಮುಚ್ಚಬಹುದು, ಮನುಷ್ಯನ ಒಳಗಿನ ಖಾಲಿ ಜಾಗ ಮುಚ್ಚಲು ಆಗೋದಿಲ್ಲ.

ಅದಕ್ಕೆ ಎರಡು ಮಾತು ಹೇಳಿ ಮುಗಿಸ್ತೀನಿ. ಇಲ್ಲಿ ಕೂತಿರುವವರಲ್ಲಿ ಯಾರಾದರೂ ಫೋನಿನಲ್ಲೋ, ಕ್ಲಬ್ಬಿನಲ್ಲೋ, ಮಟ್ಕಾದಲ್ಲೋ ಸಿಕ್ಕಿಬಿದ್ದಿದ್ದರೆ, ಮನೆಯವರಿಗೆ ಹೇಳಲು ಆಗದೆ ಇದ್ದರೆ, ಆರಾಧನೆ ಆದ ಮೇಲೆ ಬನ್ನಿ. ಬೈಯೋದಿಲ್ಲ. ವೇದಿಕೆಯಿಂದ ಹೆಸರು ಹೇಳೋದಿಲ್ಲ. ಎಷ್ಟು ಸಾಲ ಇದೆ ಅಂತ ಒಂದು ಹಾಳೆ ಮೇಲೆ ಬರೆಯೋಣ, ಅಷ್ಟು ಬರೆದರೇ ಅರ್ಧ ಭಾರ ಇಳೀತದೆ. ಲೆಕ್ಕ ಬರೆಯೋದು ನನಗೆ ಬರ್ತದೆ. ಪ್ರಾರ್ಥನೆ ಮಾಡೋಣ, ವೈದ್ಯರ ಹತ್ತಿರ ಹೋಗಬೇಕಾದರೆ ಜೊತೆಗೆ ಬರ್ತೀನಿ. ಈ ರೋಗಕ್ಕೆ ವೈದ್ಯರ ಸಹಾಯ ಪಡೆಯೋದು ವಿಶ್ವಾಸದ ಕೊರತೆ ಅಲ್ಲ.

ಎರಡನೆಯದು ಉಳಿದವರಿಗೆ. ಆ ಮೇಯರಮ್ಮನ ವಿಷಯ ಓದುವಾಗ ಒಂದು ಕೋಟಿ ಮೂವತ್ತು ಲಕ್ಷಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಗಂಡ ಸತ್ತ ಹೆಂಗಸು. ರಾತ್ರಿ ಮನೆ ಖಾಲಿ. ಯಂತ್ರ ಎಷ್ಟು ಹೊತ್ತಿಗೆ ಹೋದರೂ ಬಾಗಿಲು ತೆರೀತದೆ. ಕುರ್ಚಿ ಮೆತ್ತಗಿದೆ. ಯಾಕೆ ಬಂದೆ ಅಂತ ಕೇಳೋದಿಲ್ಲ. ಸಾಕು, ಎದ್ದು ಹೋಗು ಅನ್ನೋದಿಲ್ಲ. ಒಂಬತ್ತು ವರ್ಷ ಅದು ಅವಳ ಜೊತೆ ಕೂತಿತು. ನಮ್ಮಲ್ಲಿ ಯಾರು ಒಬ್ಬ ವಿಧವೆಯ 
ಜೊತೆ ಒಂಬತ್ತು ಸಂಜೆ ಕೂತಿದ್ದೇವೆ? ತಿಥಿ ಊಟಕ್ಕೆ ಹೋಗ್ತೇವೆ, ಮೂರನೇ ವಾರಕ್ಕೆ ಮರೀತೇವೆ. ನಮ್ಮ ಬೀದಿಯಲ್ಲೇ ಮಗ ಪರದೇಶದಲ್ಲಿರೋ ತಾಯಿ ಇದ್ದಾಳೆ, ಕೆಲಸ ಕಳ್ಕೊಂಡು ಯಾರಿಗೂ ಹೇಳದೆ ಪಾರ್ಕಿನಲ್ಲಿ ಕೂತು ಬರೋ ಅಪ್ಪ ಇದ್ದಾನೆ. ಕಾಣೆಯಾಗಬೇಕು ಅಂತ ಅವರಿಗೆ ಅನ್ನಿಸೋ ಮೊದಲು ನಾವು ಅವರಿಗೆ ಕಾಣಿಸ್ಕೋಬೇಕು. ಈ ವಾರ ಒಬ್ಬೊಬ್ಬರು ಒಂದು ಮನೆ. ಕಾಣಿಕೆ ತಗೊಂಡು ಹೋಗಬೇಡಿ, ಪ್ರಸಂಗ ಮಾಡಬೇಡಿ. ಕೂತು ಒಂದು ಲೋಟ ಟೀ ಕುಡಿದು ಬನ್ನಿ. ಫೋನು ಜೇಬಿನಲ್ಲಿ ಇರಲಿ.

ಎಲ್ಲರೂ ಎದ್ದು ನಿಲ್ಲೋಣ. ಪ್ರಾರ್ಥಿಸೋಣ. ಕರ್ತನೇ, ನಮ್ಮ ಚೀಲದಲ್ಲಿರುವ ಎರಡನೇ ಕಲ್ಲನ್ನು ನಮಗೆ ತೋರಿಸು. ಮೋಸ ಮಾಡಲಿಲ್ಲ ಅಂತ ಹೇಳಿ ತೃಪ್ತಿಪಡುವ ಹೃದಯದಿಂದ ನಮ್ಮನ್ನು ಬಿಡಿಸು. ಯಾವ ದೇಶದಲ್ಲಿದ್ದರೂ, ಯಾವ ಪರದೆಯ ಮುಂದೆ ಕೂತಿದ್ದರೂ, ನಮ್ಮ ಮಕ್ಕಳನ್ನು ಹೆಸರು ಹಿಡಿದು ಕರೆ. ಅವರು ತಿರುಗಿ ನೋಡಲಿ. ಯೇಸುವಿನ ನಾಮದಲ್ಲಿ ಬೇಡ್ತೇವೆ, ತಂದೆಯೇ. ಆಮೆನ್.